ಪ್ಯೋ ಮನೆಯ ಹೆಸರಿಲ್ಲದ ಎಡೆ

ದೊಲ್ಗೋಲ್ ಊರಿನಲ್ಲಿ ಯಾರ ಮನೆಯಲ್ಲಿ ಯಾವತ್ತು ತಿಥಿ ಎಂಬುದನ್ನು ಆ ಮನೆಯ ಸೊಸೆಯರು ಮರೆತರೂ ತೋಫು ಮಾಡುವ ಮಾಲ್ಸುಕ್ ಮರೆಯುತ್ತಿರಲಿಲ್ಲ. ಸತ್ತವರ ಎಡೆಗೆ ಮೀನು ತಪ್ಪಬಹುದು, ಮಾಂಸ ತಪ್ಪಬಹುದು, ಮೊಟ್ಟೆ ಹಚ್ಚಿ ಹುರಿದ ತೋಫು ತಪ್ಪುವ ಹಾಗಿಲ್ಲ. ಹಾಗಾಗಿ ತಿಥಿಯ ದಿನ ಬೆಳಿಗ್ಗೆ ಪಾತ್ರೆ ಹಿಡಿದು ಅವಳ ಬಾಗಿಲಿಗೆ ಬರಲೇಬೇಕು. ಬಂದವರು ಮಾವನವರದ್ದು ಎನ್ನುತ್ತಿದ್ದರು, ಅಜ್ಜಿಯದ್ದು ಎನ್ನುತ್ತಿದ್ದರು. ಅವಳು ತಲೆಯಾಡಿಸಿ ತಟ್ಟೆಯ ನಡುಭಾಗದ ಗಟ್ಟಿ ತುಂಡನ್ನು ಮುರಿಯದಂತೆ ಎತ್ತಿ ಪಾತ್ರೆಗಿಳಿಸುತ್ತಿದ್ದಳು. ಒಡೆದದ್ದು, ಬಿರಿದದ್ದು ಎಡೆಗೆ ಸಲ್ಲದು. ಅಂಥದ್ದು ಮನೆಯವರ ಸಾರಿಗೆ ಬೀಳುತ್ತದೆ.

ಊರಿನ ಸತ್ತವರೆಲ್ಲರ ಲೆಕ್ಕ ಇಟ್ಟಿದ್ದ ಈ ಹೆಂಗಸಿಗೆ ತನ್ನ ಸ್ವಂತ ಅಪ್ಪ ಸತ್ತ ದಿನ ಮಾತ್ರ ಗೊತ್ತಿರಲಿಲ್ಲ. ಅಪ್ಪ ಯೋಮ್ ತೆರಿನ್. ಜಪಾನಿಯರು ಆಳುತ್ತಿದ್ದ ಕಾಲದಲ್ಲಿ ಹಳ್ಳದ ದಂಡೆಯ ಹಳೇ ಉಗ್ರಾಣದಲ್ಲಿ ರಾತ್ರಿ ಶಾಲೆ ತೆರೆದು ಗೇಣಿದಾರರಿಗೂ ಅವರ ಹೆಂಡಿರಿಗೂ ಅಕ್ಷರ ಕಲಿಸಿದವನು. ಕಲಿತವರೆಲ್ಲ ಒಟ್ಟಾಗಿ ಗೇಣಿ ಅಳೆಯುವುದಿಲ್ಲ ಎಂದು ನಿಂತಾಗ ಅವರ ಪಾಲಿನ ಏಟು ತಾನು ತಿಂದು ಜೈಲು ಸೇರಿದವನು. ಜಪಾನಿಯರು ಹೋದ ಮೇಲೆ ಊರು ಹಬ್ಬ ಮಾಡಿತು. ಅವನು ಮಾತ್ರ ಹೊಲ ಇನ್ನೂ ಜಮೀನ್ದಾರರದ್ದೇ ಇದೆಯಲ್ಲ ಎಂದು ಕೆಂಪು ಬಾವುಟ ಹಿಡಿದ, ಕೊನೆಗೆ ಬಂಡುಕೋರರ ಜೊತೆ ಜಿರಿ ಬೆಟ್ಟ ಹತ್ತಿದ. ಬೆಟ್ಟದವರು ರಾತ್ರಿ ಇಳಿದು ಅಕ್ಕಿ ಒಯ್ಯುತ್ತಿದ್ದರು. ಹಗಲು ಸೈನ್ಯ ಬಂದು ಅಕ್ಕಿ ಕೊಟ್ಟವರನ್ನು ಒಯ್ಯುತ್ತಿತ್ತು. ಉತ್ತರಕ್ಕೂ ದಕ್ಷಿಣಕ್ಕೂ ಯುದ್ಧ ಶುರುವಾಗುವ ಮುಂಚಿನ ಚಳಿಗಾಲ ಕಳೆದ ಮೇಲೆ ಅವನನ್ನು ಕಂಡವರಿಲ್ಲ. ಆಗ ಮಾಲ್ಸುಕ್‌ಗೆ ಮೂರು ವರ್ಷ.

ಸತ್ತ ದಿನ ಗೊತ್ತಿಲ್ಲದವರಿಗೆ ಒಂಬತ್ತನೆಯ ತಿಂಗಳ ಒಂಬತ್ತಕ್ಕೆ ಎಡೆ ಇಡುವುದು ಆ ಸೀಮೆಯ ರೂಢಿ. ಸಮುದ್ರದಲ್ಲಿ ಮುಳುಗಿದವರು, ದಾರಿಯಲ್ಲಿ ಬಿದ್ದವರು, ಹೆಸರು ಹೇಳುವವರಿಲ್ಲದವರು ಎಲ್ಲರಿಗೂ ಅದೊಂದೇ ದಿನ. ಮಾಲ್ಸುಕ್‌ಳ ಅಮ್ಮ ಬದುಕಿದ್ದಷ್ಟು ಕಾಲವೂ ಗಂಡನಿಗೆ ಆ ದಿನವೇ ಅನ್ನ ಬಡಿಸಿದಳು, ಬಡಿಸುವಾಗಲೆಲ್ಲ ಅತ್ತಳು. ಸಾಯುವ ಹೊತ್ತಿಗೆ ಮಗಳ ಕೈ ಹಿಡಿದು ಹೇಳಿದ್ದೂ ಅದನ್ನೇ.

"ನಿಮ್ಮಪ್ಪನ್ನ ಬೀದಿ ದೆವ್ವಗಳ ಪಂಕ್ತೀಲಿ ಕೂರಿಸ್ಬಿಟ್ಟೆ ಕಣೆ. ಅವರ ದಿನ ಯಾವುದು ಅಂತ ಹುಡುಕು. ಯಾರಿಗೋ ಗೊತ್ತಿರತ್ತೆ."

ಯಾರಿಗೋ ಗೊತ್ತಿರುತ್ತದೆ ಎಂಬ ಆ ಮಾತು ಮಗಳ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಅಲ್ಲಿಂದ ಮುಂದೆ ಅವಳು ಊರಿನ ಒಬ್ಬೊಬ್ಬರ ಮುಖವನ್ನೂ ಗೊತ್ತಿರುವವನ ಮುಖ ಇದೇ ಇರಬಹುದೇ ಎಂದೇ ನೋಡಿದಳು.

ಹಾಗೆ ನೋಡುವುದಕ್ಕೆ ಕಾರಣಗಳೂ ಇದ್ದವು ಎನ್ನಬೇಕು. ಕೆಂಪು ಮನೆಯ ಹುಡುಗಿಯನ್ನು ಯಾರು ತಂದುಕೊಳ್ಳುತ್ತಾರೆ? ಕೊನೆಗೆ ಹಿಂದೆಮುಂದೆ ಯಾರೂ ಇಲ್ಲದ ಒಬ್ಬ ಲಾರಿ ಹಮಾಲಿ ಮನೆಅಳಿಯನಾಗಿ ಬಂದ. ಊರಿನ ಗಂಡಸರೆಲ್ಲ ಗಲ್ಫ್ ದೇಶಗಳಿಗೆ ರಸ್ತೆ ಕಟ್ಟಲು ಹೋಗಿ ಮನೆಗೆ ಹೆಂಚು ಹೊದಿಸಿದ ಕಾಲದಲ್ಲಿ ಅವನೂ ಅರ್ಜಿ ಹಾಕಿದ. ಹೆಂಡತಿಯ ಅಪ್ಪನ ಹೆಸರು ಕಂಡದ್ದೇ ಅರ್ಜಿ ಹಿಂದಕ್ಕೆ ಬಂತು. ಅವನು ಕುಡಿಯುವುದನ್ನು ಸ್ವಲ್ಪ ಹೆಚ್ಚಿಸಿದ, ಅಷ್ಟೇ. ತಿಂಗಳಿಗೊಮ್ಮೆ ಠಾಣೆಯವನು ಬಂದು ಜಗಲಿಯಲ್ಲಿ ಕೂತು ಬಿಸಿ ಸೋಯಾ ಹಾಲು ಕುಡಿದು, ಯಾರು ಬಂದಿದ್ದರು, ಉತ್ತರದ ಕಡೆಯಿಂದ ಸುದ್ದಿ ಏನಾದರೂ ಇದೆಯೇ ಎಂದು ವಿಚಾರಿಸಿ ಹೋಗುತ್ತಿದ್ದ. ಬರುವ ಮುಂಚೆ ಅವನ ಸೈಕಲ್ಲು ನಿಲ್ಲುತ್ತಿದ್ದುದು ಹಳ್ಳದಾಚೆ ಪ್ಯೋ ಜೊಂಗ್ದೆಯ ಅಂಗಳದಲ್ಲಿ. ಪ್ಯೋ ಊರಿನ ಮುಖಂಡ, ಠಾಣೆಯವರು ಮೊದಲು ಅವನನ್ನು ಕಾಣುವುದು ಸಹಜವೇ. ಆದರೆ ಸಂಶಯಕ್ಕೆ ಸಹಜವಾದದ್ದು ಎಂಬುದೊಂದು ಇರುವುದಿಲ್ಲವಲ್ಲ.

ಪ್ಯೋ ಮನೆಗೂ ಬೆಟ್ಟದವರಿಗೂ ರಕ್ತದ ಲೆಕ್ಕ ಬೇರೆ ಇತ್ತು. ಜೊಂಗ್ದೆಯ ಅಪ್ಪನೂ ಮುಖಂಡನೇ. ಒಂದು ಶರತ್ಕಾಲದಲ್ಲಿ ಬೆಟ್ಟದವರು ಅಕ್ಕಿಯ ಜೊತೆಗೆ ಅವನನ್ನೂ ಒಯ್ದರು, ಮರುದಿನ ಹೆಣ ಹಳ್ಳದಲ್ಲಿ ಸಿಕ್ಕಿತು. ಅಪ್ಪಣೆ ಕೊಟ್ಟವನು ಯೋಮ್ ತೆರಿನ್ ಎಂದು ಅರ್ಧ ಊರು ಹೇಳಿತು, ಅವನಿಗೆ ಗೊತ್ತೇ ಇರಲಿಲ್ಲ ಎಂದು ಇನ್ನರ್ಧ ಊರು ಹೇಳಿತು. ಹೇಳಿದ್ದೆಲ್ಲ ಪಿಸುಮಾತಿನಲ್ಲೇ.

ಇವೆಲ್ಲಕ್ಕಿಂತ ದೊಡ್ಡದು ತೋಫುವಿನ ಸಂಗತಿ. ಪ್ಯೋ ಮನೆಯಲ್ಲಿ ಸ್ವಂತ ಬೀಸುಕಲ್ಲಿತ್ತು. ತಮ್ಮ ತಿಥಿಗಳಿಗೆಲ್ಲ ಅವರು ತಾವೇ ತೋಫು ಮಾಡಿಕೊಳ್ಳುತ್ತಿದ್ದರು, ಮಾಲ್ಸುಕ್‌ಳ ಬಾಗಿಲಿಗೆ ಬಂದವರಲ್ಲ. ಆದರೆ ವರ್ಷದಲ್ಲಿ ಒಂದೇ ಒಂದು ದಿನ, ಮೊದಲ ತಿಂಗಳ ಹುಣ್ಣಿಮೆ ಕಳೆದ ನಾಲ್ಕನೆಯ ದಿನ, ಪ್ಯೋನ ತಾಯಿ ಪಾತ್ರೆ ಹಿಡಿದು ಬಂದು ಒಂದು ತುಂಡು ಕೊಳ್ಳುತ್ತಿದ್ದಳು. ಮೊದಲ ವರ್ಷ ಮಾಲ್ಸುಕ್ ಯಾರದ್ದು ಎಂದು ಕೇಳಿದಳು. ಮುದುಕಿ ನೆಲ ನೋಡಿ, ನಮ್ಮವರೊಬ್ಬರದ್ದು ಎಂದು ಹೇಳಿ ಹೊರಟುಹೋದಳು. ಆ ದಿನ ಸತ್ತವರು ಪ್ಯೋ ವಂಶದಲ್ಲಿ ಯಾರೂ ಇರಲಿಲ್ಲ. ಬೇರೆ ತಿಥಿಗಳಾದರೆ ಮರುದಿನ ಬೆಳಿಗ್ಗೆ ಎಡೆಯ ಪ್ರಸಾದ ತಟ್ಟೆ ತಟ್ಟೆಯಾಗಿ ನೆರೆಮನೆಗಳಿಗೆ ಹೋಗುತ್ತದೆ. ಈ ಎಡೆಯ ಒಂದು ಚೂರೂ ಅಂಗಳ ದಾಟುತ್ತಿರಲಿಲ್ಲ.

ಹೆಸರಿಲ್ಲದ ಎಡೆ ಯಾರಿಗೆ ಇಡುತ್ತಾರೆ? ತಾವೇ ಕೊಂದವರಿಗೆ, ಅಥವಾ ಹಿಡಿದುಕೊಟ್ಟು ಕೊಲ್ಲಿಸಿದವರಿಗೆ, ಬಂದು ಕಾಡದಿರಲಿ ಎಂದು. ಮಾಲ್ಸುಕ್ ಇದನ್ನು ಒಂದೇ ದಿನದಲ್ಲಿ ಯೋಚಿಸಿದ್ದಲ್ಲ. ಕಾಳು ನೆನೆಹಾಕುತ್ತ, ಬೀಸುತ್ತ, ಒಲೆಯ ಮುಂದೆ ನೊರೆ ತೆಗೆಯುತ್ತ ವರ್ಷಗಟ್ಟಲೆ ಯೋಚಿಸಿದ್ದು. ಕೊನೆಗೆ ಅವಳಿಗೆ ಅನುಮಾನವೇ ಉಳಿಯಲಿಲ್ಲ, ಅದು ನಂಬಿಕೆಯಾಯಿತು. ಅಪ್ಪನನ್ನು ಸೈನ್ಯಕ್ಕೆ ಹಿಡಿದುಕೊಟ್ಟವರು ಇವರೇ. ತನ್ನಿಂದಲೇ ತೋಫು ಕೊಳ್ಳುವುದು ಹುಣ್ಣಿನ ಮೇಲೆ ಉಪ್ಪು ಸವರುವುದಕ್ಕೆ.

ಅವಳು ಬಾಯಿಬಿಟ್ಟು ಏನೂ ಹೇಳಲಿಲ್ಲ. ಕೆಂಪು ಮನೆಯವರು ಬಾಯಿ ಬಿಡಬಾರದು ಎಂಬುದನ್ನು ಅಮ್ಮನ ಹಾಲಿನ ಜೊತೆಗೇ ಕುಡಿದಿದ್ದಳು. ಆದರೆ ಆ ದಿನ ಪ್ಯೋ ಮನೆಯ ಪಾತ್ರೆಗೆ ತಟ್ಟೆಯ ಮೂಲೆಯ ತುಂಡನ್ನು, ಬಿರುಕು ಬಿಟ್ಟು ಅಂಚು ಉದುರಿದ್ದನ್ನು ಹುಡುಕಿ ಹಾಕುತ್ತಿದ್ದಳು. ಯಾವ ಮುದುಕಿಯಾದರೂ, ಎಡೆಗೆ ಕಣಮ್ಮಾ ಬೇರೆ ಕೊಡು, ಎನ್ನಬೇಕಿತ್ತು. ಪ್ಯೋನ ತಾಯಿ ನೋಡಿ, ಸುಮ್ಮನೆ ಮುಚ್ಚಳ ಮುಚ್ಚುತ್ತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದೆಂದರೆ ಇದೇ ಎಂದು ಮಾಲ್ಸುಕ್‌ಗೆ ಒಳಗೊಳಗೇ ಹಿತವಾಗುತ್ತಿತ್ತು. ಮುದುಕಿ ಸತ್ತ ಮೇಲೆ ಜೊಂಗ್ದೆಯೇ ಪಾತ್ರೆ ಹಿಡಿದು ಬರತೊಡಗಿದ. ಅವನಿಗೂ ಮೂಲೆಯ ತುಂಡೇ.

ಹೀಗಿರುವಾಗ ಕಾಲ ಬದಲಾಯಿತು. ಮಾಲ್ಸುಕ್‌ಗೆ ಅರವತ್ತಾಗುವ ಹೊತ್ತಿಗೆ ಜಪಾನಿಯರ ವಿರುದ್ಧ ಹೋರಾಡಿದವರು ಕಮ್ಯುನಿಸ್ಟರಾಗಿದ್ದರೂ ಗೌರವಿಸಬಹುದು ಎಂಬ ಗಾಳಿ ರಾಜಧಾನಿಯಲ್ಲಿ ಬೀಸಿತು. ಅದರ ಒಂದು ಎಳೆ ದೊಲ್ಗೋಲ್‌ಗೂ ಬಂತು. ಜಿಲ್ಲೆಯ ಕಡೆಯಿಂದ ತಾಕ್ ಯುನ್ಸೊ ಎಂಬ ಇತಿಹಾಸ ಓದಿದ ಹುಡುಗಿ ಬಂದು, ರಾತ್ರಿ ಶಾಲೆ ಇದ್ದ ಜಾಗದಲ್ಲಿ ಯೋಮ್ ಮೇಷ್ಟ್ರ ಹೆಸರಿನಲ್ಲಿ ಒಂದು ಕಲ್ಲು ನಿಲ್ಲಿಸುವ ಯೋಚನೆ ಇದೆ ಎಂದಳು. ಮಾಲ್ಸುಕ್ ಅವಳನ್ನು ಠಾಣೆಯವನು ಕೂರುತ್ತಿದ್ದ ಜಾಗದಲ್ಲೇ ಕೂರಿಸಿ, ಅದೇ ಲೋಟದಲ್ಲಿ ಸೋಯಾ ಹಾಲು ಕೊಟ್ಟಳು. ಇವರ ವೇಷ ಬದಲಾಗುತ್ತದೆ, ಪ್ರಶ್ನೆ ಬದಲಾಗುವುದಿಲ್ಲ ಎಂದುಕೊಂಡಳು.

ತೊಡಕೊಂದಿದೆ ಎಂದು ಹುಡುಗಿಯೇ ಬಿಡಿಸಿ ಹೇಳಿದಳು. ಯೋಮ್ ತೆರಿನ್ ಉತ್ತರಕ್ಕೆ ಹೋಗಿ ಅಲ್ಲಿನ ಸರ್ಕಾರ ಸೇರಿದ್ದರೆ ಕಲ್ಲೂ ಇಲ್ಲ, ಗೌರವವೂ ಇಲ್ಲ. ಯುದ್ಧಕ್ಕೆ ಮುಂಚೆ ಇಲ್ಲೇ ಸತ್ತಿದ್ದರೆ ಮಾತು ಬೇರೆ. ಎಲ್ಲಿ ಸತ್ತರು, ಯಾವಾಗ ಸತ್ತರು ಎಂದು ಹೇಳುವ ಒಬ್ಬ ಸಾಕ್ಷಿ ಬೇಕು.

"ಕಲ್ಲು ಯಾರಿಗಮ್ಮ ಬೇಕು," ಎಂದಳು ಮಾಲ್ಸುಕ್. "ನಂಗೆ ದಿನ ಬೇಕು. ಹುಡುಕಿಕೊಡ್ತೀಯಾ?"

ವಸಂತದ ಒಂದು ಮಧ್ಯಾಹ್ನ ಹಿರಿಯರ ಚಾವಡಿಯಲ್ಲಿ ಸಭೆ ಸೇರಿತು. ಕೆಳಗಿನಿಂದ ಕಾಯಿಸಿದ ಬಿಸಿನೆಲದ ಮೇಲೆ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂತರು. ನಡುವೆ ಅಕ್ಕಿ ಹೆಂಡದ ಕೆಟಲ್ಲು ಮತ್ತು ಮಾಲ್ಸುಕ್ ತಂದ ಬಿಸಿ ತೋಫು. ಮಾಜಿ ಸೈನಿಕರ ಸಂಘದ ಗುಕ್ ಮಾನ್ಹೊ ವಿಯೆಟ್ನಾಂ ಯುದ್ಧದ ಪದಕ ಚುಚ್ಚಿಕೊಂಡೇ ಬಂದಿದ್ದ. ಅವನದ್ದು ದೊಡ್ಡ ಗಂಟಲು. ಅಕ್ಷರ ಕಲಿಸಿದ್ದು ಸರಿ, ಬೆಂಕಿ ಹಚ್ಚಿದ್ದನ್ನೂ ಅದೇ ಕಲ್ಲಿನ ಮೇಲೆ ಕೆತ್ತುತ್ತೀರಾ ಎಂದು ಕೇಳಿದ. ಯೋಮ್ ಮೇಷ್ಟ್ರಿಂದ ಓದು ಕಲಿತ ಒಬ್ಬ ಮುದುಕಿ, ಗೇಣಿ ಕಟ್ಟಲಾಗದೆ ಮಕ್ಕಳನ್ನು ಮಾರುತ್ತಿದ್ದ ಕಾಲ ಅದು, ನಿನಗೇನು ಗೊತ್ತು ಎಂದಳು. ಇನ್ನೊಬ್ಬ, ಮೇಷ್ಟ್ರು ಬೇರೆ, ಮೇಷ್ಟ್ರ ಹಿಂದೆ ಹೋದವರು ಬೇರೆ ಎಂದು ಶುರುಮಾಡಿದ. ಹಿಂದೆ ಹೋದವರ ಮುಂದೆ ಇದ್ದವನು ಯಾರು ಎಂದು ಗುಕ್ ಅವನ ಬಾಯಿ ಮುಚ್ಚಿಸಿದ. ಮಾತಾಡುವವರೆಲ್ಲ ಒಂದು ಕಣ್ಣು ತಾಕ್ ಹುಡುಗಿಯ ಮೇಲಿಟ್ಟೇ ಮಾತಾಡುತ್ತಿದ್ದರು. ಇದೆಲ್ಲ ಎಲ್ಲಿಗೆ ಹೋಗಿ ಮುಟ್ಟುತ್ತದೋ, ನಾಳೆ ಸರ್ಕಾರ ಬದಲಾದರೆ ಯಾರ ಮನೆ ಬಾಗಿಲಿಗೆ ಬರುತ್ತಾರೋ ಎಂಬ ಅಂಜಿಕೆ ಅವರ ಮೂಳೆಗಿಳಿದಿತ್ತು. ಪ್ಯೋ ಜೊಂಗ್ದೆ ಗೋಡೆಗೊರಗಿ, ಹೆಂಡವನ್ನೂ ಮುಟ್ಟದೆ ಕೂತಿದ್ದ.

ಕೊನೆಗೆ ಗುಕ್ ಮಾಲ್ಸುಕ್‌ಳ ಕಡೆ ತಿರುಗಿದ.

"ತೋಫು ಅಕ್ಕಾ, ಬೇಜಾರು ಮಾಡ್ಕೋಬೇಡಿ. ಯುದ್ಧದ ಟೈಮಲ್ಲಿ ಅವರ ಹೆಸರು ಉತ್ತರದ ರೇಡಿಯೋದಲ್ಲಿ ಬಂದಿತ್ತಂತೆ. ನಿಮ್ಮಮ್ಮ ಇಲ್ಲಿ ಹೊಟ್ಟು ತಿಂದ್ಕೊಂಡಿದ್ರು, ಅವರು ಅಲ್ಲಿ ಇನ್ನೊಂದು ಮದುವೆ ಮಾಡ್ಕೊಂಡು ಆರಾಮಾಗಿದ್ರು. ಅಂಥವರಿಗೆ ಕಲ್ಲು ಬೇರೆ ಕೇಡು."

ಮಾಲ್ಸುಕ್ ಎದ್ದು ನಿಂತಳು. ಜೀವಮಾನದಲ್ಲಿ ಅವಳು ಸಭೆಯಲ್ಲಿ ಎದ್ದು ನಿಂತದ್ದು ಅದೇ ಮೊದಲು.

"ನಮ್ಮಪ್ಪ ಎಲ್ಲೂ ಹೋಗಿಲ್ಲ. ಎಲ್ಲಿ ಸತ್ರು ಅಂತ ಅಲ್ಲಿ ಗೋಡೆಗೊರಗಿ ಕೂತವರನ್ನ ಕೇಳಿ. ಮೊದಲ ತಿಂಗಳ ಹುಣ್ಣಿಮೆ ಆಗಿ ನಾಲ್ಕನೇ ದಿನ ಅವರ ಮನೇಲಿ ಯಾರಿಗೆ ಎಡೆ ಇಡ್ತಾರೆ? ಪ್ಯೋ ಮನೇಲಿ ಆ ದಿನ ಯಾರು ಸತ್ತಿದ್ದಾರೆ? ಹಿಡ್ಕೊಟ್ಟು ಕೊಲ್ಸಿದ್ದಕ್ಕೆ ಅನ್ನ ಇಡ್ತಿದ್ದಾರೆ. ನಂಗೆಲ್ಲ ಗೊತ್ತು. ನನ್ನ ಕೈಯಿಂದಾನೇ ತೋಫು ಹೋಗೋದು."

ಎಲ್ಲರ ತಲೆಯೂ ಗೋಡೆಯ ಕಡೆ ತಿರುಗಿತು. ಜೊಂಗ್ದೆ ಕೂತಲ್ಲಿಂದಲೇ, ತಾಕ್ ಹುಡುಗಿಗಲ್ಲ, ಗುಕ್‌ಗೂ ಅಲ್ಲ, ನೆಲಕ್ಕೆ ಹೇಳುವವನ ಹಾಗೆ ಹೇಳಿದ.

"ಆ ಎಡೆ ಯೋಮ್ ಮೇಷ್ಟ್ರದ್ದೇ. ಅವರು ಸತ್ತಿದ್ದು ನಮ್ಮನೆ ದನದ ಕೊಟ್ಟಿಗೇಲಿ. ಹಿಡ್ಕೊಟ್ಟವರು ಯಾರೂ ಇಲ್ಲ."

ಅವನು ಹೇಳಿದ್ದು ಹೆಚ್ಚೇನಲ್ಲ. ಹೊಟ್ಟೆಗೆ ಗುಂಡು ಬಿದ್ದು, ಕಾಲ್ಬೆರಳು ಹಿಮಕ್ಕೆ ಕಪ್ಪಾಗಿ ಮೇಷ್ಟ್ರು ಬೆಟ್ಟದಿಂದ ತೆವಳಿ ಬಂದು ಮೊದಲು ಸಿಕ್ಕ ಕೊಟ್ಟಿಗೆಯಲ್ಲಿ ಬಿದ್ದಿದ್ದರು. ಅದು ಪ್ಯೋ ಮನೆಯದ್ದು. ಗಂಡನನ್ನು ಕಳೆದುಕೊಂಡು ವರ್ಷವೂ ತುಂಬದ ಜೊಂಗ್ದೆಯ ಅಮ್ಮ ಬೆಳಿಗ್ಗೆ ಹುಲ್ಲು ಹಾಕಲು ಹೋಗಿ ಅವರನ್ನು ನೋಡಿದಳು. ಅವಳಿಗೆ ಓದುಬರಹ ಕಲಿಸಿದವರೂ ಅವರೇ. ನನ್ನ ಗಂಡನನ್ನು ಕೊಲ್ಲು ಅಂದವರು ನೀವಾ ಎಂದು ಕೇಳಿದಳು.

"ನಾನು ಹೇಳ್ಲಿಲ್ಲ, ಆದ್ರೆ ತಡೀಲೂ ಇಲ್ಲ, ಅಂದ್ರು," ಎಂದ ಜೊಂಗ್ದೆ. "ನಾನು ಬಾಗಿಲಲ್ಲಿ ನಿಂತು ಕೇಳಿಸ್ಕೊಂಡಿದ್ದೀನಿ. ಹುಣ್ಣಿಮೆ ಆಗಿ ನಾಲ್ಕನೇ ದಿನ ಪ್ರಾಣ ಹೋಯ್ತು. ನಮ್ಮ ಗುಡ್ಡದಲ್ಲಿ, ಅಪ್ಪನ ಗೋರಿಯಿಂದ ಸ್ವಲ್ಪ ಕೆಳಗೆ ಒಂದು ದಿಬ್ಬ ಇದೆಯಲ್ಲ, ಅದೇ."

ಆ ದಿಬ್ಬ ಎಲ್ಲರಿಗೂ ಗೊತ್ತಿತ್ತು. ಚಿಕ್ಕಂದಿನಲ್ಲೇ ಸತ್ತ ಯಾರೋ ಚಿಕ್ಕಪ್ಪನದ್ದೆಂದು ಊರು ತಿಳಿದಿತ್ತು. ಪ್ರತಿ ಶರತ್ಕಾಲದಲ್ಲೂ ಜೊಂಗ್ದೆ ಎರಡು ಗೋರಿಗಳ ಹುಲ್ಲನ್ನೂ ಕೊಯ್ಯುತ್ತಿದ್ದ.

ಗುಕ್ ಸುಮ್ಮನಿರುವ ಪೈಕಿಯಲ್ಲ. ತಡೆಯಲಿಲ್ಲ ಎಂದು ಆ ಮೇಷ್ಟ್ರ ಬಾಯಲ್ಲೇ ಬಂದಾಯಿತಲ್ಲ, ಇನ್ನೇನು ಬೇಕು ಎಂದ. ಓದು ಕಲಿತ ಆ ಮುದುಕಿ, ಕೊಂದವನಾಗಿದ್ದರೆ ಸಾಯುವಾಗ ಅಷ್ಟು ಹೇಳುತ್ತಿದ್ದನೇ ಎಂದಳು. ಜಗಳ ಮತ್ತೆ ಹೊತ್ತಿಕೊಂಡಿತು. ಇವನು ಈಗ ಯಾಕೆ ಬಾಯಿಬಿಟ್ಟ, ಜಿಲ್ಲೆಯವರು ಏನಾದರೂ ಆಸೆ ತೋರಿಸಿದ್ದಾರೋ ಎಂದು ಹಿಂದಿನ ಸಾಲಿನಲ್ಲಿ ಪಿಸುಪಿಸು ನಡೆಯಿತು. ಮೇಷ್ಟ್ರು ಎಂಥವರು ಎಂಬುದನ್ನು ನೀವೇ ತೀರ್ಮಾನಿಸಿಕೊಳ್ಳಿ, ನಾನು ದಿನ ಹೇಳಿದ್ದೇನೆ, ಎಂದು ಜೊಂಗ್ದೆ ಎದ್ದು ಹೋದ. ಆ ಕಲ್ಲಿನ ವಿಚಾರ ಇಂದಿಗೂ ಪರಿಶೀಲನೆಯಲ್ಲಿದೆ ಎಂದು ಕೇಳಿದ್ದೇನೆ. ನಿಲ್ಲುವ ಲಕ್ಷಣ ನನಗಂತೂ ಕಾಣುವುದಿಲ್ಲ.

ಮಾಲ್ಸುಕ್ ಮನೆಗೆ ಬಂದು ಹೊಸಿಲ ಮೇಲೆ ಕೂತಳು. ಅಮ್ಮ ಕೇಳಿದ ದಿನ ಸಿಕ್ಕಿತ್ತು. ಸಂತೋಷ ಮಾತ್ರ ಬರಲೊಲ್ಲದು. ಇಷ್ಟು ಕಾಲ ಬಲಿಸಿದ ಅನುಮಾನ ಒಂದು ಮಧ್ಯಾಹ್ನದಲ್ಲಿ ಹೋಗುತ್ತದೆಯೇ? ಗಂಡನನ್ನು ಕೊಂದವರ ಮುಖಂಡ ಕೊಟ್ಟಿಗೆಯಲ್ಲಿ ಬಿದ್ದಿದ್ದಾಗ ಯಾವ ಹೆಂಗಸು ಆರೈಕೆ ಮಾಡುತ್ತಾಳೆ? ಸಂಜೆಗೆ ಮುಂಚೆ ಅವಳು ಹಳ್ಳ ದಾಟಿ ಪ್ಯೋ ಅಂಗಳದಲ್ಲಿ ನಿಂತಳು. ಜೊಂಗ್ದೆ ಬೆಳ್ಳುಳ್ಳಿ ಜಡೆ ಹೆಣೆಯುತ್ತಿದ್ದ. ಅವಳು ಕೂರಲಿಲ್ಲ.

"ನಿಮ್ಮಮ್ಮ ನೀರು ಕೊಟ್ರಾ?"

ಅವನು ಕೈಯಲ್ಲಿದ್ದುದನ್ನು ಕೆಳಗಿಟ್ಟ.

"ಮೊದಲ ದಿನ ಕೊಡ್ಲಿಲ್ಲ," ಎಂದ. "ಅವರು ಕೇಳಿದ್ರು. ಅಮ್ಮ ಎದುರಿಗೆ ಕೂತ್ಕೊಂಡು ನೋಡ್ತಾನೇ ಇದ್ಲು. ಕತ್ತಲಾದ ಮೇಲೆ ತಾನೇ ಗಂಜಿ ಕಾಯಿಸಿ ತಂದ್ಲು. ಆಗ ಗಂಟಲಲ್ಲಿ ಇಳೀಲಿಲ್ಲ. ನೀವು ಅನುಮಾನ ಪಟ್ಟಿದ್ದು ಪೂರ್ತಿ ಸುಳ್ಳಲ್ಲ. ಆ ಒಂದು ದಿನಕ್ಕೇ ಅವಳು ಸಾಯೋವರೆಗೂ ಎಡೆ ಇಟ್ಟಿದ್ದು."

"ನಮ್ಮಮ್ಮನಿಗೆ ಒಂದು ಮಾತು ಹೇಳ್ಬೇಕಿತ್ತು."

"ಆಗ ಹೇಳಿದ್ರೆ ನಿಮ್ಮಮ್ಮ ಅಳ್ತಿದ್ರು, ಅತ್ತರೆ ಸೈನ್ಯದವರು ಎರಡು ಮನೇನೂ ಸುಡ್ತಿದ್ರು. ಆಮೇಲೆ ಹೇಳಿದ್ರೆ, ನಾವು ಕೊಲ್ಲಲಿಲ್ಲ ಅಂತ ನೀವು ನಂಬ್ತಿದ್ರಾ?"

ಮಾಲ್ಸುಕ್ ಸುಳ್ಳು ಹೇಳುವವಳಲ್ಲ. ಇಲ್ಲ ಎಂದಳು. ಹೊರಡಲು ತಿರುಗಿದವಳು ಇನ್ನೊಂದನ್ನು ಕೇಳಿಯೇಬಿಟ್ಟಳು. ಮನೆಯಲ್ಲಿ ಬೀಸುಕಲ್ಲು ಇಟ್ಟುಕೊಂಡು ಆ ದಿನ ಮಾತ್ರ ತನ್ನ ಹತ್ತಿರ ಯಾಕೆ ಬರುತ್ತಿದ್ದರು?

"ಮಗಳ ಕೈ ಮುಟ್ಟಿದ್ದು ಒಂದಾದ್ರೂ ಎಡೇಲಿ ಇರ್ಲಿ ಅಂತ. ಅಮ್ಮನ ಆಸೆ ಅದು."

ಮೂಲೆಯ ತುಂಡು, ಬಿರಿದದ್ದು, ಅಂಚು ಉದುರಿದ್ದು, ಹುಡುಕಿ ಹುಡುಕಿ ಹಾಕಿದ್ದೆಲ್ಲ ಸಾಲಾಗಿ ಮಾಲ್ಸುಕ್‌ಳ ಕಣ್ಣಮುಂದೆ ಬಂತು. ಪ್ಯೋ ಮನೆಗೆಂದು ಹಾಕಿದ್ದು ಅಪ್ಪನ ತಟ್ಟೆಗೆ ಹೋಗಿತ್ತು. ಒಂಬತ್ತರ ಒಂಬತ್ತಕ್ಕೆ ತಾನಿಟ್ಟ ಒಳ್ಳೆಯ ತೋಫು ಯಾವ ಬೀದಿ ದೆವ್ವದ ಪಾಲಾಯಿತೋ. ಅಪ್ಪನಿಗೆ ಅವನ ದಿನದಂದು ಸಿಕ್ಕಿದ್ದು ಇದು.

"ಅದು ಒಡೆದಿರ್ತಿತ್ತು," ಎಂದಳು.

"ಹೌದು. ಅಮ್ಮ ಚೂರುಗಳನ್ನ ಮೊಟ್ಟೇಲಿ ಅಂಟಿಸಿ ಹುರೀತಿದ್ಲು. ಮೇಜಿನ ಮೇಲಿಟ್ರೆ ಒಡೆದಿದ್ದು ಅಂತ ಗೊತ್ತಾಗ್ತಿರ್ಲಿಲ್ಲ. ನಾನೂ ಹಾಗೇ ಮಾಡ್ತೀನಿ."

ಮಾಲ್ಸುಕ್ ಅಲ್ಲೇ ಕೂತು ಗಟ್ಟಿಯಾಗಿ ಅತ್ತಳು. ಅವಳ ಮನೆಯವರು ಊರಿಗೆ ಕೇಳುವ ಹಾಗೆ ಅತ್ತದ್ದು ಅದೇ ಮೊದಲು. ಜೊಂಗ್ದೆ ಬೆಳ್ಳುಳ್ಳಿ ಎತ್ತಿಕೊಂಡು ಮತ್ತೆ ಹೆಣೆಯತೊಡಗಿದ.

ಮುಂದಿನ ವರ್ಷ ಮೊದಲ ತಿಂಗಳ ಹುಣ್ಣಿಮೆ ಬಂತು, ಹೋಯಿತು. ನಾಲ್ಕನೆಯ ದಿನ ಬೆಳಿಗ್ಗೆ ಜೊಂಗ್ದೆ ಬಂದಾಗ ಕೈಯಲ್ಲಿ ಪಾತ್ರೆ ಇರಲಿಲ್ಲ, ಬಟ್ಟೆಯಲ್ಲಿ ಸುತ್ತಿದ ಒಂದು ಹಿತ್ತಾಳೆ ಚಮಚವಿತ್ತು. ಇಷ್ಟು ವರ್ಷ ಮೇಷ್ಟ್ರ ಅನ್ನಕ್ಕೆ ಇಟ್ಟ ಚಮಚ ಇದು, ಇನ್ನು ಇಲ್ಲೇ ಇರಲಿ ಎಂದು ಜಗಲಿಯ ಮೇಲಿಟ್ಟ. ಮಾಲ್ಸುಕ್ ಚಮಚವನ್ನು ಬಿಸಿಲಿಗೆ ಹಿಡಿದು ಒಂದು ಸಲ ತಿರುಗಿಸಿ ನೋಡಿದಳು. ಅನುಮಾನದಿಂದ ನೋಡುವ ಚಾಳಿ ಎಲ್ಲಿ ಬಿಡುತ್ತದೆ. ಉಜ್ಜಿ ಉಜ್ಜಿ ಅದರ ಅಂಚು ತೆಳ್ಳಗಾಗಿತ್ತು. ಸಂಜೆ ಬನ್ನಿ ಅಣ್ಣಾ, ಎಂದಳು.

ಆ ದಿನ ತಟ್ಟೆಯ ನಡುಭಾಗದ ಅತ್ಯಂತ ಗಟ್ಟಿ ತುಂಡನ್ನು ಅಪ್ಪನಿಗೆಂದು ಎತ್ತಿಟ್ಟಿದ್ದಳು. ಆದರೆ ಬಾಣಲೆಯ ಮುಂದೆ ಕೂತು ತೆಳ್ಳಗೆ ಹೆಚ್ಚುವಾಗ ಮೊದಲ ಹೋಳು ನಡುವೆ ಸೀಳಿ ಎರಡಾಯಿತು. ಬದಿಗಿಟ್ಟು ಬೇರೆ ಹೋಳು ತೆಗೆದುಕೊಳ್ಳಬಹುದಿತ್ತು. ಅವಳು ಹಾಗೆ ಮಾಡಲಿಲ್ಲ. ಎರಡು ಚೂರನ್ನೂ ಬಾಣಲೆಯಲ್ಲಿ ಪಕ್ಕಪಕ್ಕ ಜೋಡಿಸಿ, ಸೀಳಿನ ಮೇಲೆ ಮೊಟ್ಟೆ ಹುಯ್ದು, ಅದು ಕೂಡಿಕೊಳ್ಳುವವರೆಗೂ ಮಗುಚದೆ ಕಾದಳು.